ಆರ್‌ವಿ ಕಿಟಕಿಗೆ ಒಂಟಿ ಗಾಜೋ, ಜೋಡಿ ಗಾಜೋ? ಕೊಳ್ಳುವ ಮುಂಚೆ ನೋಡಬೇಕಾದ್ದು

ಅಮೆರಿಕದಲ್ಲೋ ಕೆನಡಾದಲ್ಲೋ ಮೊದಲ ಸಲ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಪ್ರವಾಸದ ಗಾಡಿ, ಕೊಳ್ಳಲು ಹೊರಟ ನಮ್ಮವರು ಎಂಜಿನ್ ನೋಡುತ್ತಾರೆ, ಮಂಚ ನೋಡುತ್ತಾರೆ, ಬಾತ್‌ರೂಮ್ ನೋಡುತ್ತಾರೆ. ಕಿಟಕಿಯ ಸರದಿ ಕೊನೆಗೆ. ಡೀಲರ್ ಕೊಟ್ಟ ಪಟ್ಟಿಯಲ್ಲಿ ‘ಡ್ಯುಯಲ್ ಪೇನ್’ ಅಥವಾ ‘ಥರ್ಮಲ್ ಪೇನ್’ ಅಂತ ಒಂದು ಸಾಲು ಇರುತ್ತದೆ, ಅದರ ಪಕ್ಕ ಒಂದು ಬೆಲೆ. ಎರಡರ ಅರ್ಥವೂ ಜೋಡಿ ಗಾಜು, ಅಂದರೆ ನಡುವೆ ಗಾಳಿಯ ಪದರ ಬಿಟ್ಟು ಜೋಡಿಸಿದ ಎರಡು ಗಾಜು. ಬೇಕಾ ಬೇಡವಾ ಅಂತ ಅಲ್ಲೇ ನಿಂತು ಹೇಳಬೇಕು. ಫ್ಯಾಕ್ಟರಿಯಿಂದಲೇ ಜೋಡಿ ಗಾಜು ಹಾಕಿಸಿಕೊಂಡರೆ ಖರ್ಚು ಕಡಿಮೆ. ಆಮೇಲೆ ಒಂದೊಂದೇ ಕಿಟಕಿ ಬಿಚ್ಚಿ ಬದಲಾಯಿಸುವುದು ತುಂಬಾ ದುಬಾರಿ. ಅದಕ್ಕೇ ಈ ತೀರ್ಮಾನವನ್ನು ಮನೆಯಲ್ಲೇ ಕೂತು, ಲೆಕ್ಕ ಹಾಕಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಹೆಚ್ಚಿನವರು ಇದನ್ನು ಹೀಟರ್ ಗ್ಯಾಸಿನ ಉಳಿತಾಯದ ಪ್ರಶ್ನೆ ಅಂದುಕೊಳ್ಳುತ್ತಾರೆ. ಉಳಿತಾಯ ಇರುವುದು ನಿಜ, ಆದರೆ ಅದು ಎರಡನೆಯ ಮಾತು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಇದು: ಚಳಿಯ ರಾತ್ರಿಗಳಲ್ಲಿ ಹೀಟರ್ ಹಾಕಿಕೊಂಡು, ಒಳಗೇ ಅಡುಗೆ ಮಾಡಿಕೊಂಡು, ಅದರಲ್ಲಿ ಎಷ್ಟು ದಿನ ಮಲಗುತ್ತೀರಿ? ಏಕೆಂದರೆ ಆರ್‌ವಿಯನ್ನು ಹಾಳು ಮಾಡುವುದು ಚಳಿಯಲ್ಲ, ಒದ್ದೆ.

ಮೊದಲು ನಿಮ್ಮ ರಾತ್ರಿಗಳ ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಮುಂದಿನ ಎರಡು ವರ್ಷಕ್ಕೆ ಎಲ್ಲೆಲ್ಲಿ, ಯಾವ ತಿಂಗಳು ಹೋಗಬೇಕು ಅಂತಿದ್ದೀರಿ ಅನ್ನುವುದನ್ನು ಬರೆಯಿರಿ. ಪಕ್ಕದಲ್ಲಿ ಆ ಜಾಗದ ರಾತ್ರಿಯ ತಾಪಮಾನ ಬರೆಯಿರಿ. ಹಗಲಿನದು ಬೇಡ.

ಮಕ್ಕಳ ಶಾಲೆಗೆ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಮಾತ್ರ ಹೋಗುವವರಿಗೆ ಒಂಟಿ ಗಾಜು ಸಾಕಾಗುತ್ತದೆ. ಬೇಸಿಗೆಯಲ್ಲೂ ಚಳಿ ಕೊಡುವ ಜಾಗಗಳಿವೆ ನಿಜ. ಯೆಲ್ಲೋಸ್ಟೋನ್‌ನ ಬಹುಭಾಗ 2,000 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಜೂನ್‌ನಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಬರುತ್ತದೆ. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ದಕ್ಷಿಣ ಅಂಚು, ಸೌತ್ ರಿಮ್ ಕೂಡ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಆದರೆ ಅಂಥ ನಾಲ್ಕೈದು ರಾತ್ರಿಗಾಗಿ ಎಲ್ಲ ಕಿಟಕಿಗೂ ಜೋಡಿ ಗಾಜು ಬೇಕಿಲ್ಲ. ಒಳ್ಳೆಯ ಹೊದಿಕೆ, ದಪ್ಪ ಪರದೆ ಇದ್ದರೆ ಕಳೆಯುತ್ತದೆ.

ಚಳಿಗಾಲದಲ್ಲಿ ಅರಿಜೋನಾದ ದಕ್ಷಿಣಕ್ಕೋ ಫ್ಲೋರಿಡಾಗೋ ಹೋಗಿ ಇರುವವರದೂ ಇದೇ ಕತೆ. ನಿವೃತ್ತರಾದ ಅಪ್ಪ ಅಮ್ಮಂದಿರನ್ನು ಊರಿಂದ ಕರೆಸಿಕೊಂಡು ಹೀಗೆ ಸುತ್ತಾಡುವ ಮನೆಗಳು ಈಗ ಬೇಕಾದಷ್ಟಿವೆ. ಅವರಿಗೂ ಒಂಟಿ ಗಾಜು ಸಾಕು.

ಇನ್ನೊಂದು ಕಡೆ ಅಕ್ಟೋಬರ್‌ನಲ್ಲಿ ಕೊಲರಾಡೊ, ಯೂಟಾ, ಕೆನಡಾದ ಬ್ಯಾನ್ಫ್ ಕಡೆ ಹೊರಡುವವರು, ಸ್ಕೀ ಮಾಡಲು ಹೋಗುವವರು, ಆರ್‌ವಿಯಲ್ಲೇ ವರ್ಷಪೂರ್ತಿ ವಾಸ ಮಾಡುವವರು ಇದ್ದಾರೆ. ಇವರು ಎರಡನೇ ಯೋಚನೆ ಮಾಡುವುದೇ ಬೇಡ, ಜೋಡಿ ಗಾಜೇ ಹಾಕಿಸಿ. ಮಧ್ಯದಲ್ಲಿರುವವರಿಗೆ ನಾನು ಹೇಳುವ ಗೆರೆ ಹೀಗೆ: ವರ್ಷಕ್ಕೆ ಹತ್ತು ಹದಿನೈದು ರಾತ್ರಿಗಿಂತ ಜಾಸ್ತಿ ಸೊನ್ನೆ ಡಿಗ್ರಿ ಸುತ್ತಮುತ್ತ ಮಲಗುವುದಾದರೆ ಜೋಡಿ ಗಾಜಿನ ಹಣ ದಂಡವಲ್ಲ.

ಗಾಜು ಯಾಕೆ ಬೆವರುತ್ತದೆ?

ಹೊರಗೆ ಸೊನ್ನೆ ಡಿಗ್ರಿ, ಅಂದರೆ 32 ಫ್ಯಾರನ್‌ಹೀಟ್. ಒಳಗೆ ಹೀಟರ್ ಹಾಕಿ 20 ಡಿಗ್ರಿ ಇಟ್ಟಿದ್ದೀರಿ. ಆಗ ಒಂಟಿ ಗಾಜಿನ ಒಳಮೈ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಸಾಧಾರಣ ಜೋಡಿ ಗಾಜಿನ ಒಳಮೈ 12–13 ಡಿಗ್ರಿಯಲ್ಲಿ ನಿಲ್ಲುತ್ತದೆ. ಒಳಗಿನ ಗಾಳಿಯ ತೇವಾಂಶ ಶೇಕಡಾ 50 ಇದ್ದರೆ, 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲಾದರೂ ನೀರು ಕೂರುತ್ತದೆ. ಒಂಟಿ ಗಾಜು ಈ ಗೆರೆಯ ಕೆಳಗೆ, ಜೋಡಿ ಗಾಜು ಮೇಲೆ. ಇಡೀ ವಿಷಯದ ತಿರುಳು ಇಷ್ಟೇ.

ಈಗ ನಮ್ಮ ಅಡುಗೆ ನೆನಪು ಮಾಡಿಕೊಳ್ಳಿ. ಸ್ಯಾಂಡ್‌ವಿಚ್ ತಿಂದು ಮಲಗುವವರಲ್ಲ ನಾವು. ಬೆಳಗ್ಗೆ ಇಡ್ಲಿ ಬೇಯಿಸುತ್ತೇವೆ, ಕುಕ್ಕರ್ ಕೂಗಿಸುತ್ತೇವೆ, ಸಾರು ಕುದಿಸುತ್ತೇವೆ. ಆ ಹಬೆಯೆಲ್ಲ ಒಂದು ಸಣ್ಣ ಕೋಣೆಯಷ್ಟು ಜಾಗದಲ್ಲೇ ಸುತ್ತುತ್ತದೆ. ಅದರ ಮೇಲೆ ಒಲೆಯ ಗ್ಯಾಸ್, ಅಂದರೆ ಪ್ರೊಪೇನ್, ಉರಿದಾಗಲೂ ನೀರಾವಿ ಹುಟ್ಟುತ್ತದೆ. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರು! ಒಲೆಗೆ ಚಿಮಣಿ ಇಲ್ಲದಿದ್ದರೆ ಅದೂ ಒಳಗೇ. ನಾಲ್ಕು ಜನ ರಾತ್ರಿಯಿಡೀ ಬಿಡುವ ಉಸಿರು ಬೇರೆ. ಶೇಕಡಾ 50 ಅನ್ನುವ ತೇವಾಂಶ 70ಕ್ಕೆ ಏರಲು ಒಂದು ಸಂಜೆ ಸಾಕು.

ಬೆಳಗ್ಗೆ ಎದ್ದಾಗ ಗಾಜಿನಿಂದ ನೀರು ಇಳಿದು ಚೌಕಟ್ಟಿನಲ್ಲಿ ನಿಂತಿರುತ್ತದೆ. ಅಲ್ಲಿಂದ ಗೋಡೆಯ ಪ್ಲೈವುಡ್‌ಗೆ, ಹಾಸಿಗೆಗೆ. ಎರಡು ಸೀಸನ್ ಹೀಗಾದರೆ ಕಿಟಕಿ ಕೆಳಗಿನ ಹಲಗೆ ಉಬ್ಬುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಅಸ್ತಮಾ ಇರುವ ಮಗುವೋ ವಯಸ್ಸಾದವರೋ ಇದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಒಂದು ಎಚ್ಚರಿಕೆ. ಜೋಡಿ ಗಾಜು ಹಾಕಿಸಿದ ಮಾತ್ರಕ್ಕೆ ಗಾಳಿ ಬೇಡ ಅಂತಲ್ಲ. ಅಡುಗೆ ಮಾಡುವಾಗ ಚಾವಣಿಯ ವೆಂಟ್ ಫ್ಯಾನ್ ಹಾಕಿ, ಎದುರಿನ ಕಿಟಕಿ ಸ್ವಲ್ಪ ತೆರೆಯಿರಿ. ಚಳಿ ಅಂತ ಎಲ್ಲವನ್ನೂ ಮುಚ್ಚಿ ಒಲೆ ಉರಿಸುವುದು ಕಾರ್ಬನ್ ಮೊನಾಕ್ಸೈಡ್‌ಗೆ ದಾರಿ, ಅದು ಪ್ರಾಣದ ವಿಷಯ. ಒಲೆಯನ್ನು ಹೀಟರ್ ಥರ ಬಳಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಕೆಲಸ ಮಾಡುತ್ತಿದೆಯಾ ಅಂತ ಪ್ರತಿ ಪ್ರವಾಸದ ಮುಂಚೆ ಬಟನ್ ಒತ್ತಿ ನೋಡಿ.

ಗ್ಯಾಸಿನ ಲೆಕ್ಕ

ಟೇಪ್ ಹಿಡಿದು ಎಲ್ಲ ಕಿಟಕಿ ಅಳೆಯಿರಿ. ಮಧ್ಯಮ ಗಾತ್ರದ ಟ್ರೇಲರ್‌ನಲ್ಲಿ (ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ) ಒಟ್ಟು 3 ಚದರ ಮೀಟರ್ ಗಾಜು ಇದೆ ಅಂದುಕೊಳ್ಳೋಣ. ಒಂದು ಚದರ ಮೀಟರ್ ಒಂಟಿ ಗಾಜು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಶಾಖ ಹೊರಗೆ ಬಿಡುತ್ತದೆ. ಜೋಡಿ ಗಾಜಿನಲ್ಲಿ ಇದು ಸುಮಾರು 2.8. ಒಳಗೆ 20, ಹೊರಗೆ ಸೊನ್ನೆ ಇದ್ದಾಗ ಮೂರು ಚದರ ಮೀಟರಿಗೆ 340 ವ್ಯಾಟ್ ಮತ್ತು 170 ವ್ಯಾಟ್. ದಿನವಿಡೀ ಇದೇ ಚಳಿ ಇದ್ದರೆ ಉಳಿತಾಯ ಸುಮಾರು 4 ಯೂನಿಟ್ ಶಾಖ. ಆರ್‌ವಿ ಹೀಟರ್‌ನಲ್ಲಿ ಒಂದಷ್ಟು ಶಾಖ ಹೊಗೆಯ ಜೊತೆ ಹೋಗುತ್ತದೆ, ಅದನ್ನೂ ಸೇರಿಸಿದರೆ ದಿನಕ್ಕೆ 400 ಗ್ರಾಂ ಪ್ರೊಪೇನ್ ಉಳಿಯುತ್ತದೆ. 20 ಪೌಂಡಿನ ಸಿಲಿಂಡರ್‌ನಲ್ಲಿ ಸುಮಾರು 9 ಕೆಜಿ ಗ್ಯಾಸ್ ಹಿಡಿಯುತ್ತದೆ. ಅಂದರೆ ತಿಂಗಳಿಡೀ ಅಂಥ ಚಳಿಯಲ್ಲಿ ಇದ್ದರೆ ಒಂದು ಸಿಲಿಂಡರಿಗಿಂತ ಸ್ವಲ್ಪ ಜಾಸ್ತಿ ಉಳಿದೀತು.

ವರ್ಷಕ್ಕೆ ಐದಾರು ಚಳಿಯ ರಾತ್ರಿ ಮಾತ್ರ ಕಳೆಯುವವರು ಗ್ಯಾಸಿನಲ್ಲಿ ಜೋಡಿ ಗಾಜಿನ ಹಣ ವಾಪಸ್ ಬರುತ್ತದೆ ಅಂತ ಕಾಯಬಾರದು. ವರ್ಷಪೂರ್ತಿ ಇರುವವರಿಗೆ ನಿಧಾನವಾಗಿ ಬರಬಹುದು.

ಗಾಜಿಗಿಂತ ಮುಂಚೆ ಚೌಕಟ್ಟು ನೋಡಿ

ಡೀಲರ್‌ಗಳು ಇದನ್ನು ಹೇಳುವುದೇ ಕಡಿಮೆ. ಆರ್‌ವಿ ಕಿಟಕಿಯ ಚೌಕಟ್ಟು ಹೆಚ್ಚಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಗಾಜಿಗಿಂತ ನೂರು ಪಟ್ಟಿಗೂ ಜಾಸ್ತಿ ಸಲೀಸಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಜೋಡಿ ಗಾಜು ಒಣಗಿದ್ದರೂ ಸುತ್ತಲಿನ ಚೌಕಟ್ಟು ಬೆವರುತ್ತದೆ. ತೀರಾ ಚಳಿಯಲ್ಲಿ ಅದರ ಮೇಲೆ ಮಂಜುಗಡ್ಡೆಯ ಪದರವೇ ಕೂರುತ್ತದೆ. ಕಿಟಕಿ ಕೆಟ್ಟಿದೆ ಅಂತ ಗಾಬರಿ ಬೇಡ. ಬೆಳಗ್ಗೆ ಒಂದು ಬಟ್ಟೆಯಲ್ಲಿ ಒರೆಸಿ.

ಇನ್ನೊಂದು, ಸಂದಿ. ಜರುಗಿಸುವ ಕಿಟಕಿಯ ಅಂಚಿನ ಬ್ರಶ್ ಪಟ್ಟಿ ಸವೆದಿದ್ದರೆ ಗಾಜು ಎರಡಿದ್ದರೂ ಗಾಳಿ ನುಗ್ಗುತ್ತದೆ. ಇದನ್ನು ಹಿಡಿಯಲು ಅಗರಬತ್ತಿ ಸಾಕು. ಎಲ್ಲ ಕಿಟಕಿ ಬಾಗಿಲು ಮುಚ್ಚಿ, ವೆಂಟ್ ಫ್ಯಾನನ್ನು ಗಾಳಿ ಹೊರಗೆ ಎಳೆಯುವಂತೆ ಹಾಕಿ. ಹಚ್ಚಿದ ಅಗರಬತ್ತಿಯನ್ನು ಪ್ರತಿ ಕಿಟಕಿಯ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ಪರದೆ ಮಾತ್ರ ಮೊದಲೇ ಸರಿಸಿಡಿ. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ಸಂದಿ ಇದೆ. ಹಳೆಯ ಗಾಡಿಗೆ ಹೊಸ ಪಟ್ಟಿ ಹಾಕಿಸಿದರೆ ಎಷ್ಟೋ ಸಲ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಗಾಜಾ, ಅಕ್ರಿಲಿಕ್ಕಾ?

ಯುರೋಪಿನ ಮೋಟರ್‌ಹೋಮ್‌ಗಳಲ್ಲಿ, ಅಂದರೆ ತಾವೇ ಓಡುವ ಆರ್‌ವಿಗಳಲ್ಲಿ, ಜೋಡಿ ಪದರದ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಕಿಟಕಿ ಮಾಮೂಲು. ಡೊಮೆಟಿಕ್ ಕಂಪನಿಯ ಸೈಟ್ಜ್ ಎಸ್4 ಅಂಥದ್ದು. ಈಗ ಅಮೆರಿಕದ ಕ್ಯಾಂಪರ್ ವ್ಯಾನ್‌ಗಳಲ್ಲೂ ಇಂಥವು ಸಿಗುತ್ತವೆ. ಮೇಲಿನ ಅಂಚಿಗೆ ಕೀಲು, ಕೆಳಗಿನಿಂದ ಹೊರಕ್ಕೆ ತಳ್ಳಿ ತೆರೆಯುವುದು. ಸಣ್ಣ ಮಳೆಯಲ್ಲೂ ತೆರೆದಿಡಬಹುದು. ಒಳಗೇ ಸೊಳ್ಳೆ ಪರದೆ, ಬಿಸಿಲು ಪರದೆ ಎರಡೂ ಸೇರಿ ಬರುತ್ತವೆ. ಅಕ್ರಿಲಿಕ್‌ನ ತೂಕ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತಲೂ ಕಡಿಮೆ.

ತೊಂದರೆಯೂ ಇದೆ. ಬೇಗ ಗೀರು ಬೀಳುತ್ತದೆ. ಅಮೋನಿಯಾ ಅಥವಾ ಆಲ್ಕೋಹಾಲ್ ಇರುವ ಗಾಜು ಕ್ಲೀನರ್ ತಾಗಿದರೆ ಕೂದಲೆಳೆಯಂಥ ಬಿರುಕು ಮೂಡುತ್ತವೆ, ಅವು ಮತ್ತೆ ಹೋಗುವುದಿಲ್ಲ. ತೆಳು ಸೋಪು ನೀರು, ಮೆತ್ತನೆ ಬಟ್ಟೆ ಬಿಟ್ಟು ಬೇರೆ ಏನೂ ಬಳಸಬೇಡಿ. ಪೂರ್ತಿ ಚಿಲಕ ಹಾಕದೆ ಗಾಡಿ ಓಡಿಸಲೂಬಾರದು, ಗಾಳಿಗೆ ಕಿತ್ತು ಬಂದೀತು. ಕಾಡಿನ ಕಿರಿದಾದ ದಾರಿಯಲ್ಲಿ ಕೊಂಬೆ ಸವರಿಕೊಂಡು ಹೋಗುವವರಿಗೆ ನಾನು ಗಾಜನ್ನೇ ಹೇಳುತ್ತೇನೆ.

ಗಾಜಿನ ತೂಕದ ಲೆಕ್ಕ ಸುಲಭ. ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ. ನಮ್ಮ 3 ಚದರ ಮೀಟರಿಗೆ 4 ಮಿ.ಮೀ.ನ ಇನ್ನೊಂದು ಪದರ ಸೇರಿಸಿದರೆ 30 ಕೆಜಿ ಜಾಸ್ತಿ. ದೊಡ್ಡ ಗಾಡಿಗೆ ಇದು ಲೆಕ್ಕಕ್ಕಿಲ್ಲ. ಸಣ್ಣ ಟ್ರೇಲರ್ ಆದರೆ ಬಾಗಿಲ ಹತ್ತಿರದ ಹಳದಿ ಸ್ಟಿಕ್ಕರ್ ನೋಡಿ, ಎಷ್ಟು ಸಾಮಾನು ಹೇರಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಜೋಡಿ ಗಾಜನ್ನು ಆಮೇಲೆ ಹಾಕಿಸಿದರೆ ಆ 30 ಕೆಜಿ ಅದರಲ್ಲಿ ಕಳೆಯಬೇಕಾದ್ದು.

ಹಳೆಯ ಗಾಡಿ ಕೊಳ್ಳುವಾಗ

ಜೋಡಿ ಗಾಜು ಅಂತ ಮಾರುವವರು ಹೇಳಿದರೆ ನೀವೇ ಪರೀಕ್ಷೆ ಮಾಡಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಗಾಜಿಗೆ ಹಿಡಿಯಿರಿ. ಬೆಳಕಿನ ಪ್ರತಿಬಿಂಬ ದೂರ ದೂರ ಎರಡು ಜೋಡಿಯಾಗಿ ಕಂಡರೆ ಎರಡು ಗಾಜಿವೆ. ಅಂಚಿನಲ್ಲಿ ಎರಡರ ನಡುವೆ ಒಂದು ಪಟ್ಟಿಯೂ ಕಾಣುತ್ತದೆ.

ಆಮೇಲೆ ಮಬ್ಬು ಹುಡುಕಿ. ಎರಡು ಗಾಜಿನ ನಡುವಿನ ಜಾಗವನ್ನು ಒಣಗಾಳಿ ಇರುವಂತೆ ಸೀಲ್ ಮಾಡಿರುತ್ತಾರೆ. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಹರಳು ಇರುತ್ತವೆ. ಸೀಲ್ ಬಿಟ್ಟರೆ ತೇವ ಒಳಗೆ ಹೋಗಿ, ಹರಳು ತುಂಬಿ, ನಡುವೆ ಮಂಜು ಕಟ್ಟುತ್ತದೆ. ಮನೆಯ ಕಿಟಕಿಗಿಂತ ಆರ್‌ವಿ ಕಿಟಕಿಗೆ ಈ ರೋಗ ಬೇಗ ಬರುತ್ತದೆ. ದಾರಿಯ ಕುಲುಕಾಟ ಒಂದು ಕಾರಣ. ಎತ್ತರ ಇನ್ನೊಂದು. ಅಮೆರಿಕದ ಬಹುಪಾಲು ಆರ್‌ವಿಗಳು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುತ್ತವೆ, ಅದು ಸಮುದ್ರಮಟ್ಟದಿಂದ ಸುಮಾರು 230 ಮೀಟರ್ ಎತ್ತರದ ಬಯಲು. ಅಂಥ ಬಯಲಲ್ಲಿ ಸೀಲ್ ಆದ ಗಾಜನ್ನು ಕೊಲರಾಡೊದ ಐಸೆನ್‌ಹವರ್ ಸುರಂಗಕ್ಕೆ, ಅಂದರೆ 3,400 ಮೀಟರ್‌ಗೆ ಒಯ್ದರೆ ಹೊರಗಿನ ಒತ್ತಡ ಮೂರನೇ ಒಂದು ಭಾಗ ಇಳಿದಿರುತ್ತದೆ. ಒಳಗಿನ ಗಾಳಿ ಗಾಜನ್ನು ಹೊರಕ್ಕೆ ಉಬ್ಬಿಸುತ್ತದೆ. ಘಟ್ಟ ಹತ್ತಿ ಇಳಿದಾಗಲೆಲ್ಲ ಸೀಲ್‌ನ ಮೇಲೆ ಈ ಜಗ್ಗಾಟ.

ಗಾಡಿಯನ್ನು ಬೆಳಗಿನ ಚಳಿಯಲ್ಲಿ ನೋಡಲು ಹೋಗಿ. ಗಾಜನ್ನು ಒಳಗೂ ಹೊರಗೂ ಒರೆಸಿ. ಆಮೇಲೂ ಮಬ್ಬು ಉಳಿದರೆ ಅದು ನಡುವೆ ಇದೆ. ಬಿಳಿ ಕಲೆಯ ಗೆರೆಗಳಿದ್ದರೆ ಸೀಲ್ ಬಿಟ್ಟು ಬಹಳ ಕಾಲವಾಗಿದೆ ಅಂತ ತಿಳಿಯಿರಿ. ಇದರಿಂದ ಅಪಾಯವೇನಿಲ್ಲ, ಆದರೆ ಪ್ರತಿ ಕಿಟಕಿಗೂ ಬೆಲೆ ಇಳಿಸಲು ಕೇಳುವ ಹಕ್ಕು ನಿಮಗಿದೆ. ಗಾಜನ್ನು ಬಿಚ್ಚಿ, ತೊಳೆದು, ಮತ್ತೆ ಸೀಲ್ ಮಾಡಿಕೊಡುವ ಅಂಗಡಿಗಳೂ ಇವೆ. ಅಕ್ರಿಲಿಕ್ ಕಿಟಕಿಯ ನಡುವೆ ಸ್ವಲ್ಪ ತೇವ ಕಂಡರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅವುಗಳಲ್ಲಿ ಸಣ್ಣ ಬಿರಡೆ ಇರುತ್ತವೆ, ತೆಗೆದಿಟ್ಟರೆ ಒಣಗುತ್ತದೆ.

‘ಫೋರ್ ಸೀಸನ್’, ಅಂದರೆ ಎಲ್ಲ ಕಾಲಕ್ಕೂ ಆಗುತ್ತದೆ ಅನ್ನುವ ಸ್ಟಿಕ್ಕರ್ ಒಂದನ್ನೇ ನೋಡಿ ನಂಬಬೇಡಿ. ಅದಕ್ಕೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ಒಂದು ಅಳತೆ ಇಲ್ಲ. ಕಿಟಕಿ, ಗೋಡೆ, ನೆಲದಡಿಯ ನೀರಿನ ಟ್ಯಾಂಕ್, ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿ.

ಬಿಸಿಲಿನ ಮಾತು

ಜೋಡಿ ಗಾಜು ಬೇಸಿಗೆಯಲ್ಲೂ ತಂಪಿಡುತ್ತದೆ ಅಂತ ಮಾರುತ್ತಾರೆ. ಅರ್ಧ ನಿಜ. ಬಿಸಿ ಗಾಳಿಯನ್ನು ಅದು ತಡೆಯುತ್ತದೆ. ನೇರ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ಬಣ್ಣವಿಲ್ಲದ ಜೋಡಿ ಗಾಜಿನ ಮೂಲಕ ಬಿಸಿಲಿನ ಶಾಖದ ಮುಕ್ಕಾಲು ಪಾಲು ಒಳಗೆ ಬರುತ್ತದೆ, ಒಂಟಿ ಗಾಜಿನಲ್ಲಿ ಶೇಕಡಾ 85ರಷ್ಟು. ಟೆಕ್ಸಾಸ್, ನೆವಾಡಾದ ಬೇಸಿಗೆಗೆ ಬಣ್ಣದ ಗಾಜು, ಹೊರಗಿನ ನೆರಳು ಮುಖ್ಯ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಲಾಭ, ಒಳಗೆ ಬಂದಮೇಲೆ ಪರದೆ ಎಳೆದರೆ ಅರ್ಧ ಶಾಖ ಆಗಲೇ ಬಂದಾಗಿರುತ್ತದೆ. ಜೋಡಿ ಗಾಜಿಗೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸುವ ಮುಂಚೆ ವಾರಂಟಿ ಕಾಗದ ಓದಿ. ಗಾಜು ವಿಪರೀತ ಕಾದು ಸೀಲ್ ಹಾಳಾಗಬಹುದು.

ಸದ್ದಿನ ವಿಷಯಕ್ಕೆ ಬಂದರೆ ಹೆದ್ದಾರಿಯ ಗಲಾಟೆ, ಮಾತುಕತೆ ಸ್ವಲ್ಪ ಕಡಿಮೆ ಕೇಳುತ್ತದೆ. ಪಕ್ಕದವರ ಜನರೇಟರ್‌ನ ಗುಂಯ್ ಅನ್ನುವ ಸದ್ದು ಅಷ್ಟಾಗಿ ನಿಲ್ಲುವುದಿಲ್ಲ.

ಬೆಂಗಳೂರಲ್ಲಿ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಸುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಚಿಕ್ಕಮಗಳೂರು, ಕೊಡಗು, ಗೋಕರ್ಣ ಸುತ್ತಲು ಒಂಟಿ ಗಾಜು ಧಾರಾಳವಾಗಿ ಸಾಕು. ನಮ್ಮ ಊರಿಗೆ ಬೇಕಾದ್ದು ಸೊಳ್ಳೆ ಪರದೆ, ಗಾಳಿ, ಮಳೆ ನೀರು ತಡೆಯುವ ಸೀಲ್. ಲಡಾಖ್, ಸ್ಪಿತಿಗೆ ಚಳಿಯಲ್ಲಿ ಹೋಗುವ ಯೋಚನೆ ಇದ್ದರೆ ಮಾತ್ರ ಜೋಡಿ ಪದರ ನೋಡಿ.

ಒಂಟಿ ಗಾಜು ಇದ್ದವರು ಏನು ಮಾಡಬಹುದು?

ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕಿಟ್ ತನ್ನಿ. ಚೌಕಟ್ಟಿನ ಸುತ್ತ ಎರಡೂ ಕಡೆ ಅಂಟಿರುವ ಟೇಪ್, ಅದರ ಮೇಲೆ ಹಾಳೆ, ಕೊನೆಗೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಿಗಿ ಮಾಡುವುದು. ಹಾಳೆಗೂ ಗಾಜಿಗೂ ನಡುವೆ ಗಾಳಿ ಸಿಕ್ಕಿಕೊಂಡು ಜೋಡಿ ಗಾಜಿನ ಕೆಲಸದ ಬಹುಪಾಲು ಆಗುತ್ತದೆ. ತೆರೆಯಬೇಕಾದ ಕಿಟಕಿಗೆ, ಅದರಲ್ಲೂ ಕೆಂಪು ಹಿಡಿ ಇರುವ ತುರ್ತು ಕಿಟಕಿಗೆ ಇದನ್ನು ಹಾಕಬೇಡಿ. ಬೆಂಕಿ ಬಿದ್ದು ಬಾಗಿಲ ಕಡೆ ಹೋಗಲಾಗದಿದ್ದರೆ ಹೊರಗೆ ಹಾರಲು ಇರುವ ದಾರಿ ಅದೇ.

ಬರೀ ಪರದೆ ಎಳೆದರೆ ಬೆಚ್ಚಗಿರುತ್ತದೆ, ಆದರೆ ಪರದೆಯ ಹಿಂದಿನ ಗಾಜು ಇನ್ನೂ ತಣ್ಣಗಾಗಿ ಜಾಸ್ತಿ ಬೆವರುತ್ತದೆ. ಬೆಳಗ್ಗೆ ಪರದೆ ಸರಿಸಿ ಒರೆಸುವ ಅಭ್ಯಾಸ ಬೇಕು. ಮೋಟರ್‌ಹೋಮ್ ಆದರೆ ಡ್ರೈವರ್ ಮುಂದಿನ ದೊಡ್ಡ ಗಾಜನ್ನು ಮರೆಯಬೇಡಿ. ಪಕ್ಕದ ಕಿಟಕಿಗೆಲ್ಲ ಜೋಡಿ ಗಾಜಿದ್ದರೂ ಅದಕ್ಕೆ ಗಾಳಿಯ ಪದರ ಇರುವುದಿಲ್ಲ. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಕಟ್ಟಿದರೆ ಆ ಭಾಗವನ್ನು ಬಿಸಿ ಮಾಡುವ ಕೆಲಸವೇ ತಪ್ಪುತ್ತದೆ. ಚಾವಣಿಯ ವೆಂಟ್‌ಗೂ ಸ್ಪಂಜಿನ ದಿಂಬು ಸಿಗುತ್ತದೆ, ಹೆಚ್ಚಾಗಿ 14 ಇಂಚು ಚೌಕದ್ದು.

ಬದಲಾಯಿಸುವುದೇ ಆದರೆ

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಮಂಚದ ಪಕ್ಕದ ಕಿಟಕಿಯಿಂದ ಶುರು ಮಾಡಿ. ರಾತ್ರಿಯಿಡೀ ಉಸಿರಿನ ತೇವ ಅಲ್ಲೇ ಕೂರುವುದು, ಒದ್ದೆಯಾಗುವುದೂ ಅಲ್ಲಿನ ಹಾಸಿಗೆಯೇ. ಒಂದು ಚಳಿಗಾಲ ನೋಡಿ, ಆಮೇಲೆ ಉಳಿದವು.

ಅಳೆಯುವಾಗ ಗಾಜನ್ನಲ್ಲ, ಗೋಡೆಯ ತೂತನ್ನು ಅಳೆಯಬೇಕು. ಒಳಗಿನ ಚೌಕಟ್ಟಿನ ಸ್ಕ್ರೂ ಬಿಚ್ಚಿದರೆ ತೂತಿನ ಅಂಚು ಕಾಣುತ್ತದೆ. ಅಗಲ, ಎತ್ತರ, ಮೂಲೆಯ ದುಂಡು ಎಷ್ಟು, ಗೋಡೆ ಎಷ್ಟು ದಪ್ಪ, ಈ ನಾಲ್ಕೂ ಬೇಕು. ಗೋಡೆಯ ದಪ್ಪ ತಪ್ಪಿದರೆ ಒಳ ಚೌಕಟ್ಟು ಬಿಗಿಯಾಗುವುದೇ ಇಲ್ಲ. ಗಾಜಿನ ಮೂಲೆಯಲ್ಲಿ ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಅನ್ನುವ ಮುದ್ರೆ ಇರಲಿ. ತುರ್ತು ಕಿಟಕಿಯ ಜಾಗಕ್ಕೆ ತುರ್ತು ಕಿಟಕಿಯನ್ನೇ ಹಾಕಿ.

ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ತೂತಿನ ಸುತ್ತಲಿನ ಮರವನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಮೊದಲು ಅದನ್ನು ಸರಿ ಮಾಡಿಸಬೇಕು. ಹೊಸ ಕಿಟಕಿಯ ಹೊರ ಅಂಚಿಗೆ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ರಬ್ಬರಿನಂಥ ಅಂಟು ಪಟ್ಟಿ) ಸುತ್ತಿ, ಟೇಪಿನ ಎರಡು ತುದಿ ಮೇಲ್ಗಡೆ ಸೇರದೆ ಕೆಳಗಡೆ ಸೇರುವಂತೆ ನೋಡಿಕೊಳ್ಳಿ. ಒಬ್ಬರು ಹೊರಗಿನಿಂದ ಒತ್ತಿ ಹಿಡಿಯಲಿ, ಇನ್ನೊಬ್ಬರು ಒಳಗೆ ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ. ಕೆಳಗಿನ ಅಂಚಿನಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿವೆ, ಅವನ್ನು ಸೀಲೆಂಟ್‌ನಿಂದ ಮುಚ್ಚಬೇಡಿ.

ಮುಗಿದ ಮೇಲೆ ಪೈಪ್ ಹಿಡಿದು ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ನೋಡುತ್ತಿರಲಿ. ಹೀಗೆ ಮಾಡಿದರೆ ನೀರು ಯಾವ ಎತ್ತರದಲ್ಲಿ ಒಳಗೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ ಸ್ಕ್ರೂಗಳನ್ನು ಇನ್ನೊಂದು ಸಲ ಬಿಗಿ ಮಾಡಿ. ಬ್ಯುಟೈಲ್ ಒತ್ತಿಕೊಂಡು ತೆಳ್ಳಗಾಗುವುದರಿಂದ ಅವು ಸ್ವಲ್ಪ ಸಡಿಲವಾಗಿರುತ್ತವೆ.